ಮಸ್ಕತ್ತಿನಲ್ಲಿ ಅವ್ವನ ಎಡೆ

ಮಸ್ಕತ್ತಿನ ನಮ್ಮ ಬಿಲ್ಡಿಂಗಿನಲ್ಲಿ ದಿನವೂ ಯಾರಾದರೊಬ್ಬರು ಲೋಬಾನ ಹಾಕುತ್ತಾರೆ. ಲಿಫ್ಟಿನ ಬಾಗಿಲು ತೆರೆದರೆ ಸಾಕು, ಆ ಹೊಗೆಯ ವಾಸನೆ ನನ್ನನ್ನು ಸೀದಾ ವನಗೂರಿನ ನಮ್ಮ ನಡುಮನೆಗೆ ಎಳೆದುಕೊಂಡು ಹೋಗಿ ಕೂರಿಸುತ್ತದೆ. ಆ ಮನೆ ಈಗಿಲ್ಲ. ಹಿಂದಿನ ಗುಡ್ಡ ಜರಿದು ಅದನ್ನು ನುಂಗಿಬಿಟ್ಟಿತು. ಪುಣ್ಯಕ್ಕೆ ಅವ್ವ ಆ ದಿನ ಕುಂದೂರಿನಲ್ಲಿ ಅಕ್ಕನ ಮನೆಯಲ್ಲಿದ್ದಳು. ಆಮೇಲೆ ಅಲ್ಲೇ ಉಳಿದಳು, ಅಲ್ಲೇ ಕಣ್ಣು ಮುಚ್ಚಿದಳು. ಆದರೆ ಆ ಹೊಗೆಯಲ್ಲಿ ಮನೆ ಹಾಗೇ ನಿಂತಿರುತ್ತದೆ. ಹಿರಿಯರ ಹಬ್ಬ, ಬಾಳೆಲೆಯ ಮೇಲೆ ಹಬೆಯಾಡುವ ಕಡುಬು, ಕೋಳಿ ಸಾರು, ಅಜ್ಜನಿಗೆ ಬೀಡಿ ಕಟ್ಟು, ಅಜ್ಜಿಗೆ ಹೊಸ ಸೀರೆ. ಎಡೆ ಇಟ್ಟು ಧೂಪ ಹಾಕಿದ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳಬೇಕು. ತೀರಿಕೊಂಡವರು ಬಂದು ಉಣ್ಣುವುದನ್ನು ನಾವು ನೋಡಬಾರದು. ಜಗಲಿಯಲ್ಲಿ ಹೊಟ್ಟೆ ಹಿಡಿದುಕೊಂಡು ಕೂತ ನಾವು ಮಕ್ಕಳು, "ಉಂಡಾಯ್ತೇನವ್ವಾ ಅವ್ರುದ್ದು?" ಎಂದು ಪೀಡಿಸುತ್ತಿದ್ದೆವು. "ಉಣ್ಣಾಕ್ ಬುಡ್ರೋ ಮಾರಾಯ್ರಾ!" ಎಂದು ಗದರಿದರೂ ನಮ್ಮ ಮುಖ ನೋಡಿ ಅವ್ವ ಬೇಗನೆ ಬಾಗಿಲು ತೆರೆದುಬಿಡುತ್ತಿದ್ದಳು.

ಅವ್ವ ಹೋಗಿ ವರ್ಷ ತುಂಬಿದ ಮೇಲೆ ಅವಳ ಹೆಸರಿನ ಮೊದಲ ಎಡೆ ಬಂತು. "ಗಂಡ್ಮಗ ಎಲ್ಲಿರ್ತಾನೋ ಅಲ್ಲೇ ಇಡ್ಬೇಕು ಕಣೋ," ಎಂದು ಅಕ್ಕ ಫೋನಿನಲ್ಲಿ ಹೇಳಿಬಿಟ್ಟಳು. ನನಗೋ ಒಂದೇ ಕಳವಳ. ಸಕಲೇಶಪುರ ದಾಟಿದರೆ ತಲೆ ಸುತ್ತುತ್ತದೆ ಎನ್ನುತ್ತಿದ್ದವಳು ಸಮುದ್ರ ದಾಟಿ ಇಲ್ಲಿಗೆ ಬಂದು ಉಣ್ಣುತ್ತಾಳೆಯೇ? ಕೇಳುವುದಾದರೂ ಯಾರನ್ನು! ಗ್ಯಾರೇಜಿಗೆ ರಜೆ ಹಾಕಿದೆ. ನನ್ನ ಹೆಂಡತಿ ಲತಾ ಇಡ್ಲಿ ಪಾತ್ರೆಯಲ್ಲೇ ಕಡುಬು ಬೇಯಿಸಿದಳು. ಮಧ್ಯಾಹ್ನ ಎಡೆ ಇಟ್ಟೆವು. ಎಲೆ ಅಡಿಕೆಯ ಪಕ್ಕ ಅವ್ವನ ಹೊಗೆಸೊಪ್ಪನ್ನೂ ಇಟ್ಟೆ. ಲತಾಳನ್ನೂ ಮಗಳನ್ನೂ ಕರೆದುಕೊಂಡು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಟಕ್ ಎಂದಿತು. ಊರಿನ ಬಾಗಿಲಾದರೆ ದೂಡಿದರೆ ತೆರೆಯುತ್ತಿತ್ತು. ಇದು ಎಳೆದರೆ ತಾನೇ ಬೀಗ ಹಾಕಿಕೊಳ್ಳುವ ಬಾಗಿಲು, ಕೀ ಒಳಗೆ! ಇಷ್ಟು ವರ್ಷ ಇಲ್ಲಿದ್ದು ನನಗೆ ಗೊತ್ತಿಲ್ಲದ್ದೇ? ಆದರೆ ಎಡೆ ಇಟ್ಟ ಕೈ ವನಗೂರಿನ ಬಾಗಿಲನ್ನೇ ಎಳೆದಿತ್ತು.

ಇನ್ನೊಂದು ಕೀ ಇದ್ದದ್ದು ವಾಚ್‌ಮನ್ ಹತ್ತಿರ. ಅವನು ಊಟಕ್ಕೆ ಹೋಗಿದ್ದ. ಫೋನು ಮಾಡಿದರೆ "ಬಂದೆ" ಎಂದ, ಬರಲಿಲ್ಲ. "ದೀಪ ನೀರಿನ ತಟ್ಟೆಯಲ್ಲಿಟ್ಟಿದ್ದೀನಿ ಕಣ್ರೀ, ಏನೂ ಆಗಲ್ಲ," ಎಂದು ಲತಾ ಸಮಾಧಾನ ಹೇಳಿದಳು. ನನ್ನ ಚಿಂತೆ ದೀಪದ್ದಲ್ಲ. ಅಷ್ಟು ದೂರದಿಂದ ಬಂದ ಅವ್ವನನ್ನು ಒಳಗೆ ಕೂಡಿಹಾಕಿದ ಹಾಗಾಯಿತಲ್ಲ, ಮೊದಲ ಎಡೆಯನ್ನೇ ಕೆಡಿಸಿದೆನಲ್ಲ ಎಂದು ಅಳುವೇ ಬಂತು. ತಡೆಯಲಾರದೆ ಮೆಟ್ಟಿಲ ಮೇಲೆ ಕೂತು ಅಕ್ಕನಿಗೆ ಫೋನು ಹಚ್ಚಿದೆ.

ಅಕ್ಕ ಪೂರ್ತಿ ಕೇಳಿ ಗೊಳ್ಳೆಂದು ನಕ್ಕಳು. "ಒಳ್ಳೇದೇ ಆತು ಬುಡೋ. ಇದ್ದಾಗ ಒಂದ್ ದಿನಾನಾದ್ರೂ ಅವ್ವನ್ನ ಕೂತು ಉಣ್ಣಾಕ್ ಬುಟ್ಟಿದ್ವಾ ನಾವು?" ಎಂದಳು. ನಕ್ಕ ದನಿಯೇ ಕೊನೆಗೆ ಒಡೆಯಿತು. ನಿಜವೇ. ಎಲ್ಲರಿಗೂ ಬಡಿಸಿ, ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಉಳಿದ ಕಡುಬಿಗೆ ಸಾರು ಸುರಿದುಕೊಂಡು ನಾಲ್ಕು ತುತ್ತು ನುಂಗುವುದರೊಳಗೆ ಒಬ್ಬರಿಗೆ ನೀರು, ಇನ್ನೊಬ್ಬರಿಗೆ ಕಾಫಿ, ಕೊಟ್ಟಿಗೆಯಲ್ಲಿ ಕರುವಿನ ಕೂಗು. ಅವಳು ತಟ್ಟೆಯ ಮುಂದಿಂದ ಏಳದೆ ಉಂಡದ್ದನ್ನು ನಾನು ನೋಡಿಯೇ ಇಲ್ಲ. ಮೆಟ್ಟಿಲ ಮೇಲೇ ಗೋಡೆಗೆ ಒರಗಿ ನೆಮ್ಮದಿಯಾಗಿ ಕೂತೆ.

ಅಷ್ಟರಲ್ಲಿ ಮಂಗಳೂರು ಕಡೆಯ ಆ ವಾಚ್‌ಮನ್ ಏದುಸಿರು ಬಿಡುತ್ತಾ ಬಂದು ಬಾಗಿಲಿಗೆ ಕೀ ಹಾಕಹೋದ. ನಾನು ಅವನ ಕೈ ಹಿಡಿದೆ.

"ಸ್ವಲ್ಪ ತಾಳಪ್ಪಾ," ಎಂದೆ. "ಒಳಗೆ ನಮ್ಮವ್ವ ಉಣ್ತಾವ್ಳೆ."