ಎಷ್ಟು ಗಂಟೆಗೆ ಎಂದು ನಾನೇ ಕೇಳಿದೆ

1942ರ ಸೆಪ್ಟೆಂಬರಿನಲ್ಲಿ, ಕರ್ಫ್ಯೂ ಮುರಿದ ಆರೋಪದ ಮೇಲೆ ಪುಣೆಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ನನ್ನ ವಿಚಾರಣೆ ನಡೆಯಿತು. ನನಗೆ ವಕೀಲರಿರಲಿಲ್ಲ. ನನ್ನ ಪರವಾಗಿ ನಾನೇ ಮಾತಾಡಿದೆ.

ಆಗ ನಾನು ಬುಧವಾರ ಪೇಟೆಯಲ್ಲಿ ಒಂದು ಮರಾಠಿ ಪತ್ರಿಕೆಗೆ ಕರಡು ತಿದ್ದುತ್ತಿದ್ದೆ. ವಾರಕ್ಕೆರಡು ದಿನ ಕೋರ್ಟಿಗೆ ಹೋಗಿ ಅಲ್ಲಿಯ ಸುದ್ದಿಯನ್ನೂ ತರುತ್ತಿದ್ದೆ. ಮನೆ ಹೊಳೆಯಾಚೆ ಇತ್ತು. ಸಂಜೆ ಏಳರ ಮೇಲೆ ಯಾರೂ ರಸ್ತೆಯಲ್ಲಿ ಕಾಣಬಾರದು ಎಂದು ಅಪ್ಪಣೆಯಾಗಿತ್ತು. ಆಗಸ್ಟ್ ಕೊನೆಯ ಒಂದು ಸಂಜೆ ಎರಡನೇ ಪುಟದ ಕರಡು ತಡವಾಗಿ ಕೈಗೆ ಬಂತು. ಶೀರ್ಷಿಕೆಯಲ್ಲೇ ತಪ್ಪಿತ್ತು. ತಿದ್ದಿ ಕೊಟ್ಟು ಹೊರಟೆ. ನನ್ನಲ್ಲಿ ಕೈಗಡಿಯಾರ ಇರಲಿಲ್ಲ. ಸೇತುವೆಯ ಆಚೆ ತುದಿಯಲ್ಲಿ ಹವಾಲ್ದಾರನೊಬ್ಬ ಲಾಠಿ ಅಡ್ಡ ಹಿಡಿದ. ನನಗಿಂತ ಸ್ವಲ್ಪ ಮೊದಲು ಸಿಕ್ಕಿದ್ದ ಒಬ್ಬ ಶೇಂಗಾ ಮಾರುವವನು ಬುಟ್ಟಿ ಪಕ್ಕಕ್ಕಿಟ್ಟು ಅಲ್ಲೇ ಕೂತಿದ್ದ. ಇಬ್ಬರನ್ನೂ ಎರಡು ದಿನ ಒಂದೇ ಕೋಣೆಯಲ್ಲಿಟ್ಟರು. ಮೂರನೆಯ ದಿನ ನಾವು ಬಾಡಿಗೆಗಿದ್ದ ವಾಡೆಯ ಮಾಲೀಕರು ಜಾಮೀನು ನಿಂತು ನನ್ನನ್ನು ಬಿಡಿಸಿಕೊಂಡು ಬಂದರು.

ಹೆಂಡತಿಗೆ ಎಂಟು ತಿಂಗಳು ತುಂಬಿತ್ತು. ಚೊಚ್ಚಲು ಹೆರಿಗೆಗೆ ಅವಳು ಏಳರಲ್ಲೇ ಧಾರವಾಡಕ್ಕೆ, ತವರಿಗೆ ಹೋಗಬೇಕಿತ್ತು. ರೈಲಿನ ಭರವಸೆ ಇರಲಿಲ್ಲ. ಹಳಿ ಕಿತ್ತ ಸುದ್ದಿಗಳ ಕರಡನ್ನು ನಾನೇ ತಿದ್ದಿದ್ದೆ. ಅವಳ ತಾಯಿಗೂ ಇಲ್ಲಿಗೆ ಬರಲಾಗಿರಲಿಲ್ಲ. ಇಡೀ ಪುಣೆಯಲ್ಲಿ ಅವಳಿಗೆ ಇದ್ದವನು ನಾನೊಬ್ಬನೇ.

ಪರಿಚಯದ ವಕೀಲರೊಬ್ಬರು ಆ ತಿಂಗಳು ತಾವೇ ಬಂಧನದಲ್ಲಿದ್ದರು. ಇನ್ನೊಬ್ಬರನ್ನು ನಾನು ಹುಡುಕಲಿಲ್ಲ. ನಾಲ್ಕು ವರ್ಷ ಅದೇ ಕೋರ್ಟಿನ ಬೆಂಚಿನ ಮೇಲೆ ಕೂತು ಬರೆದಿದ್ದೆ. ಪಾಟೀಸವಾಲು ಹೇಗೆ ಹಾಕುತ್ತಾರೆಂಬುದು ನನಗೆ ಗೊತ್ತಿದೆ ಎಂದುಕೊಂಡಿದ್ದೆ.

“ಯಾರರೆ ಒಬ್ಬ ವಕೀಲರನ್ನ ಹಿಡೀರಿ,” ಎಂದಳು ಹೆಂಡತಿ. “ನಿಮಗ ಬರೀಲಿಕ್ಕೆ ಬರ್ತದ, ಮಾತಾಡ್ಲಿಕ್ಕೆ ಬರಂಗಿಲ್ಲ. ನನ್ನ ಜೋಡಿ ಜಗಳಾಡ್ಲಿಕ್ಕೇ ಬರಂಗಿಲ್ಲ, ಅಲ್ಲೇನು ವಾದಾ ಮಾಡ್ತೀರಿ?”

“ಸಣ್ಣ ಕೇಸ ಅದು.”

“ಸಣ್ಣದೋ ದೊಡ್ಡದೋ. ನೀವು ಒಳಗ ಹೋದ್ರ ನಾ ಯಾರನ್ನ ಕರೀಲಿ? ಅದನ್ನೊಂದು ಹೇಳಿ ಹೋಗ್ರಿ.”

ಮದುವೆಗೆ ಮುಂಚೆ ನಾನು ಊಟ ಮಾಡುತ್ತಿದ್ದ ಹೋಟೆಲಿನ ಮಾಲೀಕರು ಉಡುಪಿ ಕಡೆಯವರು. ಅವರೂ ಅದನ್ನೇ ಹೇಳಿದರು. “ನನ್ನಲ್ಲಿ ಮೂರು ವರ್ಷ ಉಂಡಿದ್ದೀರಿ ಅಲ್ವಾ? ನಾಳೆ ಒಳಗೆ ಬಂದು ನೂರು ಜನಕ್ಕೆ ಸಾರು ಮಾಡಿ ನೋಡುವಾ. ಉಂಡವರಿಗೆಲ್ಲ ಅಡುಗೆ ಬರ್ತದಾ ಮಾರಾಯ್ರೆ?” ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಕರಡಿನ ಉದ್ದನೆಯ ಪಟ್ಟಿಯೊಂದರ ಬೆನ್ನಿಗೆ ಏಳು ಪ್ರಶ್ನೆಗಳನ್ನು ಬರೆದುಕೊಂಡೆ. ಸುದ್ದಿಯ ಮೊದಲ ಸಾಲಿನಲ್ಲಿ ಯಾವಾಗ, ಎಲ್ಲಿ ಎಂಬುದು ಇರಲೇಬೇಕು ಎಂದು ಪತ್ರಿಕೆಯಲ್ಲಿ ಕಲಿಸಿದ್ದರು. ಅದೇ ಅಭ್ಯಾಸದಿಂದ ಮೊದಲ ಪ್ರಶ್ನೆ ಹೀಗಿತ್ತು: ಎಷ್ಟು ಗಂಟೆಗೆ?

ವಿಚಾರಣೆಯ ದಿನ ಹತ್ತಕ್ಕೇ ಹೋಗಿ ಹೊರಗಿನ ಪಡಸಾಲೆಯಲ್ಲಿ ಕೂತೆ. ಒಳಗಿನಿಂದ ಶಿಕ್ಷೆಗಳು ಒಂದೊಂದಾಗಿ ಕೇಳಿಸುತ್ತಿದ್ದವು. ಹಾಲು ಮಾರುವ ಒಬ್ಬನಿಗೆ ಒಂದು ತಿಂಗಳು. ಕಾಲೇಜಿನ ಒಬ್ಬ ವಿದ್ಯಾರ್ಥಿಗೆ ಮೂರು. ಇಂಥ ತೀರ್ಪುಗಳನ್ನು ನಾನು ಒಂದೊಂದು ಸಾಲಿನಲ್ಲಿ ಬರೆದು ಮುಗಿಸುತ್ತಿದ್ದೆ. ಅಂದು ಪ್ರತಿಯೊಂದನ್ನೂ ಹೆಂಡತಿಯ ದಿನಗಳ ಪಕ್ಕದಲ್ಲಿಟ್ಟು ನೋಡಿದೆ. ಒಂದು ತಿಂಗಳೇ ಹೆಚ್ಚಾಗುತ್ತಿತ್ತು. ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. ಎದ್ದು ಹೋಗಿ ನೀರು ಕುಡಿದೆ. ತಿರುಗಿ ಬಂದು ಕೂತ ಕೂಡಲೇ ಮತ್ತೆ ಒಣಗಿತು.

ನನಗಿಂತ ಮೊದಲು ಶೇಂಗಾ ಮಾರುವವನನ್ನು ಕರೆದರು. ಐದು ನಿಮಿಷವೂ ಆಗಿರಲಿಲ್ಲ, ಹೊರಗೆ ಬಂದ.

“ಸುಟಲೋ ದಾದಾ!” ಎಂದ. ಬಿಡುಗಡೆಯಾಗಿತ್ತು.

“ಹವಾಲ್ದಾರನಿಗೆ ಏನು ಕೇಳಿದೆ?” ಎಂದು ಮರಾಠಿಯಲ್ಲಿ ವಿಚಾರಿಸಿದೆ.

“ನಾನೇನು ಕೇಳಲಿ? ಕೈ ಮುಗಿದು ನಿಂತಿದ್ದೆ. ಸಾಹೇಬರು ಕಾಗದ ನೋಡಿದರು, ಹವಾಲ್ದಾರನ ಮುಖ ನೋಡಿದರು, ಹೋಗು ಅಂದರು.”

ಬಡವನೆಂದು ಕನಿಕರಪಟ್ಟಿರಬೇಕು ಎಂದುಕೊಂಡೆ. ಕನಿಕರಕ್ಕೆ ಕಾರಣವೇನೆಂದು ಮುಂದೆ ಯೋಚಿಸಲಿಲ್ಲ. ಅಷ್ಟರಲ್ಲಿ ನನ್ನ ಹೆಸರು ಕೂಗಿದರು.

ಕಟಕಟೆಯ ಒಳಗೆ ನಿಂತಾಗ ಕೋಣೆ ಬೇರೆಯೇ ಕಂಡಿತು. ನಾನು ಯಾವಾಗಲೂ ಕೂಡುತ್ತಿದ್ದ ಬೆಂಚು ಎಡಗಡೆ ಇತ್ತು. ಬೇರೆ ಪತ್ರಿಕೆಯವನೊಬ್ಬ ಅಲ್ಲಿ ಕೂತು ಪೆನ್ಸಿಲ್ ಚೂಪು ಮಾಡುತ್ತಿದ್ದ. ನನ್ನ ಕಡೆ ನೋಡಲಿಲ್ಲ. ಹಿಂದಿನ ಗೋಡೆಗೆ ಒರಗಿ ಹೋಟೆಲಿನ ಮಾಲೀಕರು ನಿಂತಿದ್ದರು. ನಾನು ಎರಡೂ ಕೈಗಳಿಂದ ಕಟಕಟೆಯ ಮರ ಹಿಡಿದುಕೊಂಡೆ. ಅಲ್ಲಿ ಮರ ಸವೆದು ನುಣ್ಣಗಾಗಿತ್ತು. ನಾಲ್ಕು ವರ್ಷದಲ್ಲಿ ನಾನು ಅದನ್ನು ಗಮನಿಸಿರಲಿಲ್ಲ.

ಹವಾಲ್ದಾರ ಸಾಕ್ಷಿ ನುಡಿದ. ಬಂದೋಬಸ್ತಿನಲ್ಲಿದ್ದೆ, ಈ ಮನುಷ್ಯ ಪೇಟೆಯ ಕಡೆಯಿಂದ ಬಂದ, ಪಾಸು ಕೇಳಿದೆ, ಇರಲಿಲ್ಲ, ಚೌಕಿಗೆ ಕರೆದುಕೊಂಡು ಹೋದೆ. ಇಷ್ಟೇ. ಮ್ಯಾಜಿಸ್ಟ್ರೇಟರು ಬರೆದುಕೊಂಡು ಪೆನ್ನು ಎತ್ತಿ ಹಿಡಿದರು. ಬರೆದ ಹಾಳೆಯನ್ನೇ ಸ್ವಲ್ಪ ಹೊತ್ತು ನೋಡಿದರು.

“ಸಾಕ್ಷಿಗೆ ಏನಾದರೂ ಕೇಳುವುದಿದೆಯೇ?”

ಸಾಕ್ಷಿಯಲ್ಲಿ ವೇಳೆ ಇಲ್ಲ ಎಂಬುದು ನನ್ನ ಕಿವಿಗೆ ಆಗಲೇ ಬಿದ್ದಿತ್ತು. ಕರಡಿನಲ್ಲಿ ಇಂಥದ್ದು ಕಂಡರೆ ನಾನು ಅಂಚಿನಲ್ಲಿ ಗೆರೆ ಎಳೆದು ಕೇಳುತ್ತಿದ್ದೆ. ಇಲ್ಲಿಯೂ ಅದನ್ನೇ ಮಾಡಿದೆ. ಹೆದರಿದ ಕೈಗೆ ಗೊತ್ತಿದ್ದ ಕೆಲಸ ಅದೊಂದೇ. ಪಟ್ಟಿ ಬೆವರಿಗೆ ಮೆತ್ತಗಾಗಿತ್ತು, ಅಕ್ಷರಗಳು ಕದಡಿದ್ದವು. ಮೊದಲನೆಯ ಪ್ರಶ್ನೆ ಮಾತ್ರ ಓದುವಂತಿತ್ತು.

“ನನ್ನನ್ನು ತಡೆದಾಗ ಎಷ್ಟು ಗಂಟೆಯಾಗಿತ್ತು?”

ಹವಾಲ್ದಾರ ತಬ್ಬಿಬ್ಬಾದ. ಜೇಬಿನಿಂದ ಸಣ್ಣ ಪುಸ್ತಕ ತೆಗೆದು, ಹೆಬ್ಬೆರಳು ನೆಕ್ಕಿ, ಹಾಳೆ ತಿರುವಿದ. ಆ ಹೊತ್ತಿಗೆ ನನಗೆ ತಿಳಿಯಿತು. ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವನಿಗೆ ಪುಟ ಸಿಕ್ಕಿತು.

“ಏಳು ಗಂಟೆ ಹತ್ತು ನಿಮಿಷ, ಸಾಹೇಬ.”

ಮ್ಯಾಜಿಸ್ಟ್ರೇಟರು ನನ್ನನ್ನು ನೋಡಿದರು. ಕೋಪವಿರಲಿಲ್ಲ. ಪೆನ್ನನ್ನು ದೌತಿಯಲ್ಲಿ ಅದ್ದಿ ಬರೆದುಕೊಂಡರು.

“ಇನ್ನೇನಾದರೂ?”

“ಏಳಕ್ಕೆ ಇನ್ನೂ ಐದು ನಿಮಿಷ ಇದೆ ಅಂದುಕೊಂಡಿದ್ದೆ,” ಎಂದೆ. “ಮನೆಯಲ್ಲಿ ಹೆಂಡತಿ ಎಂಟು ತಿಂಗಳ ಬಸುರಿ. ಬೇರೆ ಯಾರೂ ಇಲ್ಲ.”

“ಇದು ಪ್ರಶ್ನೆಯಲ್ಲ.”

“ಅಲ್ಲ, ಸಾಹೇಬ.”

“ನಿಮ್ಮ ಹತ್ತಿರ ಗಡಿಯಾರ ಇತ್ತೇ?”

“ಇರಲಿಲ್ಲ.”

ಒಂದು ತಿಂಗಳ ಸಜೆಯಾಯಿತು. ಕಟಕಟೆಯಿಂದ ಇಳಿಯುವಾಗ ಪೊಲೀಸನೊಬ್ಬ ರಟ್ಟೆ ಹಿಡಿದುಕೊಂಡ. ತೀರ್ಪಿನ ನಕಲು ಕೊಡುತ್ತಿದ್ದ ಕಾರಕೂನ ನನಗೆ ಹಳೆಯ ಪರಿಚಯ. ಬಾಗಿಲಲ್ಲಿ ಹತ್ತಿರ ಬಂದು ಮೆಲ್ಲಗೆ ಹೇಳಿದ: “ಹವಾಲ್ದಾರನ ಸಾಕ್ಷಿಯಲ್ಲಿ ವೇಳೆಯೇ ಇರಲಿಲ್ಲವಲ್ಲ. ಶೇಂಗಾದವನನ್ನು ಬಿಟ್ಟದ್ದು ಅದಕ್ಕೇ. ನಿಮಗೆ ಸುಮ್ಮನಿರಲಿಕ್ಕೆ ಏನಾಗಿತ್ತು?”

ಹೋಟೆಲಿನ ಮಾಲೀಕರು ಪೊಲೀಸನ ಪಕ್ಕದಲ್ಲೇ ವ್ಯಾನಿನವರೆಗೆ ನಡೆದು ಬಂದರು.

“ನಿಮ್ಮ ಹೆಂಡತಿಯನ್ನು ಇವತ್ತೇ ನಮ್ಮ ಮನೆಗೆ ಕರ್ಕೊಂಡು ಹೋಗ್ತೇನೆ. ನನ್ನ ಹೆಂಡತಿ ಇದ್ದಾಳೆ, ಹೆದರ್ಬೇಡಿ. ನೀವು ಒಳಗೆ ಯಾರ ಹತ್ರವೂ ಏನೂ ಕೇಳ್ಬೇಡಿ ಮಾರಾಯ್ರೆ.”

ಯರವಡಾ ಜೈಲಿಗೆ ಹೊರಗಿನ ಸುದ್ದಿ ಬರುತ್ತಿರಲಿಲ್ಲ. ಮೊದಲ ವಾರ ನಾನು ಹೆಚ್ಚಾಗಿ ಬಾಗಿಲ ಕಡೆಯ ಹೆಜ್ಜೆ ಸಪ್ಪಳಕ್ಕೆ ಕಿವಿಗೊಟ್ಟು ಕಳೆದೆ. ಯಾರಾದರೂ ನನ್ನ ಹೆಸರು ಕೂಗಿಯಾರು ಎಂಬ ಭಯ, ಕೂಗದಿದ್ದರೂ ಭಯ. ಹತ್ತೊಂಬತ್ತನೆಯ ದಿನ ಕೂಗಿದರು. ಹೋಟೆಲಿನ ಮಾಲೀಕರ ಕೈಬರಹದ ಒಂದು ಕಾರ್ಡು ಬಂದಿತ್ತು. ಹೆಣ್ಣು ಮಗು, ಸೋಮವಾರ ಹುಟ್ಟಿತು, ತಾಯಿ ಮಗು ಇಬ್ಬರೂ ಕ್ಷೇಮ. ಮೂರು ಸಲ ಓದಿದೆ. ವೇಳೆ ಬರೆದಿರಲಿಲ್ಲ.

ಬಿಡುಗಡೆಯಾಗಿ ಬಂದಾಗ ಅತ್ತೆ ಧಾರವಾಡದಿಂದ ತಲುಪಿದ್ದರು. ಮಗುವಿನ ಜಾತಕಕ್ಕಾಗಿ ಅವರು ಎಲ್ಲರನ್ನೂ ವೇಳೆ ಕೇಳಿದರು. ದೀಪ ಹಚ್ಚಿದ ಮೇಲೆ ಎಂದರು ಹೋಟೆಲಿನ ಮಾಲೀಕರ ಹೆಂಡತಿ. ದೀಪ ಹಚ್ಚುವ ಮೊದಲೇ ಎಂದಳು ಸೂಲಗಿತ್ತಿ. “ನನಗೇನ ಗೊತ್ತವ್ವಾ, ನಾ ಗಡಿಯಾರ ನೋಡ್ಕೋತ ಮಲಗಿದ್ನೇನು?” ಎಂದಳು ಹೆಂಡತಿ.

ಮಗಳ ಜಾತಕವನ್ನು ಇದುವರೆಗೂ ಬರೆಸಿಲ್ಲ.