ಲೆಕ್ಕಕ್ಕೆ ಸಿಗದ ಅತ್ತಿಗೆ

ನನ್ನ ಗಂಡನ ಅಕ್ಕ ಜಿಲ್ಲಾ ಕಚೇರಿಯ ಜನಸಂಖ್ಯಾ ವಿಭಾಗದಲ್ಲಿ ಗುಮಾಸ್ತೆ. ರಾಜಧಾನಿಯಿಂದ ವರ್ಗವಾಗಿ, ನಾಲ್ಕು ದಿನದ ಮಟ್ಟಿಗೆಂದು ನಮ್ಮ ಮನೆಗೆ ಬಂದವರು. ಆಗ ತೊಟ್ಟಿಲಲ್ಲಿದ್ದ ನನ್ನ ಮಗಳು ಈಗ ಹೈಸ್ಕೂಲು. ಅತ್ತಿಗೆ ಮಾತ್ರ ಇನ್ನೂ ಸೂಟ್‌ಕೇಸಿನಿಂದಲೇ ಬಟ್ಟೆ ತೆಗೆದು ಉಡುತ್ತಾರೆ. ಚಹಾ ಕೊಟ್ಟರೆ ನಿಂತೇ ಕುಡಿದು, ಬಾಗಿಲಿಗೊಮ್ಮೆ ಕಿಟಕಿಗೊಮ್ಮೆ ಓಡಾಡುತ್ತಾರೆ. ನೋಡುವವರಿಗೇ ತಲೆ ಸುತ್ತಬೇಕು.

ಈ ವರ್ಷ ಆದೇಶ ಬಂತು: ಜನ ಕಡಿಮೆ ಇರುವ ಜಿಲ್ಲೆಗಳನ್ನು ಪಕ್ಕದ ಜಿಲ್ಲೆಗೆ ಸೇರಿಸಲಾಗುವುದು. ನಮ್ಮದು ಮೊದಲೇ ಅಂಗೈಯಷ್ಟು ಜಿಲ್ಲೆ. ಎಣಿಸಿದರೆ ಆದೇಶದ ಮಿತಿಗೆ ಬೆರಳೆಣಿಕೆಯಷ್ಟು ಜನ ಕಡಿಮೆ. ಕಚೇರಿ ಹೋದರೆ ಗೇಟಿನೆದುರಿನ ನಮ್ಮ ಜೆರಾಕ್ಸ್ ಅಂಗಡಿಗೂ ಬೀಗವೇ.

ಯಾರಾದರೂ ಬಿಟ್ಟುಹೋಗಿದ್ದಾರೇನೋ ಎಂದು ಅತ್ತಿಗೆ ಮತ್ತೆ ಮನೆಮನೆ ಸುತ್ತಿದರು. ಒಂದು ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಮುದುಕರೊಬ್ಬರು, "ನಾನು ಸತ್ರೆ ಅದನ್ನ ಬರೆಸೋಕೂ ನನ್ನ ಮಗಳು ಎರಡು ಬಸ್ಸು ಹತ್ತಬೇಕಾ, ತಾಯಿ?" ಎಂದು ಕೇಳಿದರಂತೆ. ಆ ಮಾತು ಅವರನ್ನು ಬಿಡಲಿಲ್ಲ. ಅನ್ನ ಕಲಸಿಟ್ಟು ಹಾಗೇ ಎದ್ದುಬಿಡುತ್ತಿದ್ದರು.

ಆಮೇಲೆ ಅವರಿಗೆ ಹೊಳೆಯಿತು. ಸಾಹೇಬರಿಂದ ಡ್ರೈವರ್‌ವರೆಗೆ ಕಚೇರಿಯ ಒಬ್ಬರೂ ಜಿಲ್ಲೆಯ ಲೆಕ್ಕದಲ್ಲಿಲ್ಲ! ರಾಜಧಾನಿಯ ವಿಳಾಸ ಇದ್ದವರಿಗೆ ಅಲ್ಲಿಗೆ ವರ್ಗಾವಣೆ ಮೊದಲು ಸಿಗುತ್ತದೆಂದು ಎಲ್ಲರೂ ಹಳೆಯ ವಿಳಾಸವನ್ನೇ ಇಟ್ಟುಕೊಂಡಿದ್ದರು. ಜಿಲ್ಲೆ ಆಳುವವರು ಜಿಲ್ಲೆಯ ಜನರೇ ಅಲ್ಲ. ಜನ ಎಣಿಸುವ ಅತ್ತಿಗೆಯೂ ಅಲ್ಲ.

"ಎಲ್ಲರೂ ಇಲ್ಲಿಗೆ ಬದಲಾಯಿಸಿದ್ರೆ ಜಿಲ್ಲೆ ಉಳಿಯುತ್ತೆ," ಎಂದರು ನನ್ನ ಹತ್ತಿರ.

"ನಿಮ್ಮ ವರ್ಗಾವಣೆ, ಅತ್ತಿಗೆ? ಈ ಸಲ ನಿಮ್ದೇ ಮೊದಲ ಸರದಿ ಅಂದಿದ್ರಲ್ಲ?"

"ಗೊತ್ತು ಕಣೇ. ಅದಕ್ಕೇ ವಿಳಾಸದ ಫಾರಂ ತಂದಿಟ್ಟೂ ಇನ್ನೂ ಸಹಿ ಹಾಕಿಲ್ಲ."

ಮರುದಿನ ಕಚೇರಿಯಲ್ಲಿ ವಿಷಯ ಎತ್ತಿದರು. "ಒಳ್ಳೇ ಯೋಚನೆ," ಎಂದರು ಸಾಹೇಬರು. "ನೀವು ಮೊದಲು ಬದಲಾಯಿಸಿ ಮೇಡಂ, ನಿಮ್ಮ ಹಿಂದೆ ನಾವಿದ್ದೀವಲ್ಲ."

ಅತ್ತಿಗೆ ಅಲ್ಲೇ ಸಹಿ ಹಾಕಿದರು. ಆಮೇಲೆ ಒಬ್ಬರಿಗೆ ಹೆಂಡತಿಯನ್ನು ಕೇಳಬೇಕಿತ್ತು, ಡ್ರೈವರ್‌ಗೆ ಮಕ್ಕಳ ಸ್ಕೂಲು ಅಡ್ಡ ಬಂತು. ಸಾಹೇಬರದು ಬರೀ "ನೋಡೋಣ, ನೋಡೋಣ." ನೋಡುತ್ತ ನೋಡುತ್ತ ಗಡುವು ಮುಗಿಯಿತು.

ಜಿಲ್ಲೆ ಹೋಯಿತು. ರಾಜಧಾನಿಯ ವಿಳಾಸದವರೆಲ್ಲ ರಾಜಧಾನಿಗೆ. ಈ ಊರಿನ ವಿಳಾಸ ಇದ್ದದ್ದು ಅತ್ತಿಗೆ ಒಬ್ಬರಿಗೇ. ಹುಟ್ಟು, ಸಾವು, ಪಿಂಚಣಿ ನೋಡಿಕೊಳ್ಳಲು ಅವರಿಗೊಂದು ಮೇಜು ಉಳಿಸಿದರು. ಹೊರಡುವಾಗ ಸಾಹೇಬರು, "ನಿಮ್ಮಂಥೋರು ಬೇಕು ಮೇಡಂ," ಎಂದು ಕೈಮುಗಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಯಾವ ಮುಖ ಇಟ್ಟುಕೊಂಡು ಹೇಳಿದನೋ ಆ ಮನುಷ್ಯ!

ಮರುದಿನ ಊಟದ ಡಬ್ಬಿ ಕೊಡಲು ಹೋದೆ. ಕುರ್ಚಿಗಳನ್ನೆಲ್ಲ ಹೊತ್ತೊಯ್ದು ಬರಿದಾದ ಕಚೇರಿಯ ಮೂಲೆಯಲ್ಲಿ ಅತ್ತಿಗೆಯ ಮೇಜು. ಎದುರಿಗೆ ಹಸುಗೂಸಿನೊಡನೆ ಬಂದ ಗಂಡ ಹೆಂಡತಿ. ಗಂಡ ಸುತ್ತ ನೋಡಿ, "ನೀವು ಯಾವಾಗ ಹೊರಡೋದು ಮೇಡಂ?" ಎಂದ.

ಅತ್ತಿಗೆಯ ಕಣ್ಣು ತುಂಬಿತು. ದನಿಯಲ್ಲಿ ಮಾತ್ರ ಬರೀ ಸಿಟ್ಟು.

"ಎಲ್ಲಿಗ್ರೀ ಹೊರಡ್ಲಿ? ನಾನು ಇದೇ ಊರಿನವಳು. ಮಗೂಗೆ ಏನು ಹೆಸರಿಟ್ಟಿದ್ದೀರಿ, ಹೇಳಿ."