ಮೂರು ಗಾಜಿನ ಗಾಗಲ್

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಸಪ್ತಾಪುರದ ಒಂದು ಮನೆಯ ಹಿತ್ತಿಲ ಕಡೆಯ ಖೋಲಿಯಲ್ಲಿ ಬಾಡಿಗೆಗಿದ್ದೆ. ಆ ಖೋಲಿಯಲ್ಲಿ ನಾವು ಇಬ್ಬರು ಹುಡುಗಿಯರು, ಜೊತೆಗೆ ಒಂದು ಸೈಕಲ್. ಸೈಕಲ್ ನನ್ನ ಗೆಳತಿಯದು. ಅವಳು ಬಿಜಾಪುರ ಕಡೆಯ ಹಳ್ಳಿಯವಳು. ಓದಲಿಕ್ಕೆಂದು ಬಂದಿದ್ದರೂ ಜೀವವೆಲ್ಲ ಸೈಕಲ್ ರೇಸಿನಲ್ಲಿತ್ತು. ಸೈಕಲ್ಲನ್ನು ಅಂಗಳದಲ್ಲಿ ನಿಲ್ಲಿಸುವ ಮಾತೇ ಇರಲಿಲ್ಲ. ಅವಳ ಹಾಸಿಗೆಯ ತಲೆದೆಸೆಯಲ್ಲಿ ಗೋಡೆಗೆ ಆನಿಸಿ ಇಡುತ್ತಿದ್ದಳು. ರೊಟ್ಟಿ ಊಟದ ತಟ್ಟೆ ಹಿಡಿದುಕೊಂಡು ನಾನು ಆ ಚಕ್ರಗಳ ಪಕ್ಕದಲ್ಲೇ ಕೂಡಬೇಕಾಗುತ್ತಿತ್ತು. ಚೈನಿನ ಎಣ್ಣೆ ವಾಸನೆ ನನ್ನ ಪುಸ್ತಕಗಳಿಗೂ ಹತ್ತಿತ್ತು.

ನಸುಕಿನಲ್ಲಿ ಎದ್ದು ಅವಳು ಅಭ್ಯಾಸಕ್ಕೆ ಹೊರಡುತ್ತಿದ್ದಳು. ಮೊದಮೊದಲು ಒಬ್ಬಳೇ ಹೋಗುತ್ತಿದ್ದಳು. ಮನೆಯ ಮಾಲಕಿಯನ್ನು ನಾವು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆವು. ಅವರಿಗೆ ಇದು ಸರಿಬರಲಿಲ್ಲ. "ಕತ್ತಲಾಗ ಹೆಣ್ಣಹುಡುಗಿ ಒಬ್ಬಾಕಿನ ಹುಬ್ಬಳ್ಳಿ ರಸ್ತಾಕ್ಕ ಹೋಗೋದು ನನಗ ಪಸಂದಿಲ್ಲ. ಯಾರರ ಜೋಡಿ ಇರಬೇಕು" ಎಂದು ಪಟ್ಟು ಹಿಡಿದರು. ಜೋಡಿಗೆ ನಾನಲ್ಲದೆ ಯಾರಿದ್ದರು? ನಮ್ಮಪ್ಪನ ಹಳೆಯ ಮೊಪೆಡ್ ಒಂದು ನನ್ನ ಹತ್ತಿರ ಇತ್ತು. ಅದರ ಮುಂದಿನ ಬುಟ್ಟಿಯಲ್ಲಿ ನೀರಿನ ಬಾಟಲಿ, ಗಾಳಿ ಪಂಪು, ಎರಡು ಬಾಳೆಹಣ್ಣು ಇಟ್ಟುಕೊಂಡು ಅವಳ ಬೆನ್ನ ಹಿಂದೆ ಹೋಗತೊಡಗಿದೆ. ನವಲೂರು ದಾಟಿ, ರಾಯಾಪುರ ದಾಟಿ, ಉಣಕಲ್ಲ ಕೆರೆಯ ತನಕ ಹೋಗಿ ತಿರುಗಿ ಬರುವುದು ನಮ್ಮ ದಿನದ ಹಾದಿ.

ಏರಿನಲ್ಲಿ ನನ್ನ ಮೊಪೆಡ್ ಏದುಸಿರು ಬಿಡುವಾಗ ಅವಳು ಸೀಟಿನಿಂದ ಎದ್ದು ನಿಂತು ಸರಸರ ಏರಿಬಿಡುತ್ತಿದ್ದಳು. ಹಿಂದಿನಿಂದ ನೋಡುತ್ತಿದ್ದರೆ ಸೈಕಲ್ ಎಡಕ್ಕೂ ಬಲಕ್ಕೂ ತೂಗುತ್ತಿತ್ತು, ಅವಳ ತಲೆ ಮಾತ್ರ ಒಂದಿಷ್ಟೂ ಅಲುಗುತ್ತಿರಲಿಲ್ಲ. ನಾನು ಎಷ್ಟೋ ಸಲ ಗೇರು ಬದಲಿಸುವುದನ್ನೂ ಮರೆತ ಹಾಗೆ ನೋಡುತ್ತಾ ಉಳಿದಿದ್ದೇನೆ. ನನ್ನ ಮೊಪೆಡ್ಡಿಗೆ ಗೇರೇ ಇರಲಿಲ್ಲವೆಂಬುದು ಬೇರೆ ಮಾತು.

ಅವಳಿಗಿದ್ದ ದೊಡ್ಡ ಪೀಡೆ ಕಣ್ಣಿನದು. ಲಾರಿಗಳ ಹಿಂದಿನ ಧೂಳು, ಉಸುಕು, ಮಳೆಗಾಲದ ಹುಳ ಎಲ್ಲವೂ ನೇರ ಕಣ್ಣಿಗೇ ಬಡಿಯುತ್ತಿದ್ದವು. ತಿರುಗಿ ಬಂದಾಗ ಕಣ್ಣು ಕೆಂಡದ ಹಾಗೆ ಇರುತ್ತಿದ್ದವು. ಬಸ್ ನಿಲ್ದಾಣದ ಹತ್ತಿರ ಸಿಗುವ ಕರಿಯ ಗಾಗಲ್ ಒಂದನ್ನು ತಂದು ನೋಡಿದಳು. ತಲೆ ಬಗ್ಗಿಸಿದ ಕೂಡಲೇ ಅದು ಮೂಗಿನ ತುದಿಗೆ ಜಾರುತ್ತಿತ್ತು. ನಸುಕಿನಲ್ಲಿ ಹಾಕಿಕೊಂಡರೆ ರಸ್ತೆಯೇ ಕಾಣುತ್ತಿರಲಿಲ್ಲ. ಎಸೆದುಬಿಟ್ಟಳು.

ಆಮೇಲೆ ಒಂದು ರೇಸಿನಲ್ಲಿ, ಎಲ್ಲರಿಗಿಂತ ಮುಂದೆ ಇದ್ದಾಗಲೇ, ಇಳಿಜಾರಿನಲ್ಲಿ ಹುಳವೊಂದು ಅವಳ ಬಲಗಣ್ಣಿಗೆ ಹೊಡೆಯಿತು. ಒಂದೇ ಕಣ್ಣಲ್ಲಿ ಸೈಕಲ್ ಹೊಡೆದು ಗುರಿ ಮುಟ್ಟುವ ಹೊತ್ತಿಗೆ ಉಳಿದವರೆಲ್ಲ ಮುಂದೆ ಹೋಗಿಯಾಗಿತ್ತು. ಕಣ್ಣಿನ ಡಾಕ್ಟರು ಔಷಧಿ ಹಾಕಿ, "ಇನ್ನೊಮ್ಮೆ ಹಿಂಗಾದ್ರ ಕಣ್ಣಿನ ಮ್ಯಾಲಿನ ಪದರಕ್ಕ ಗಾಯ ಆಕ್ಕೈತಿ. ಬರೇ ಕಣ್ಣಿಲೆ ಸೈಕಲ್ ಹೊಡಿಬ್ಯಾಡವಾ" ಎಂದರು. ಪಟ್ಟಿ ಕಟ್ಟಿಸಿಕೊಂಡು ಬಂದವಳು ಆ ವಾರವೆಲ್ಲ ಖೋಲಿಯ ನಡುವೆ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಒಂದೊಂದೇ ಭಾಗ ಬಿಚ್ಚಿ ಒರೆಸಿದಳು. ಅಳಲಿಲ್ಲ.

ಮುಂದಿನ ಬೇಸಗೆಯಲ್ಲಿ ಉತ್ತರದ ಕಡೆಯ ಒಂದು ತರಬೇತಿ ಶಿಬಿರಕ್ಕೆ ಅವಳಿಗೆ ಕರೆ ಬಂತು. ತಿಂಗಳು ಕಳೆದು ತಿರುಗಿ ಬಂದವಳು ಟ್ರಂಕು ಇಳಿಸುವ ಮೊದಲೇ ಚೀಲದಿಂದ ಗಟ್ಟಿ ಡಬ್ಬಿಯೊಂದನ್ನು ತೆಗೆದು ನನ್ನ ಮಡಿಲಲ್ಲಿ ಇಟ್ಟಳು.

"ತಗದ್ ನೋಡು."

ತೆಗೆದೆ. ಒಳಗೆ ಒಂದು ಗಾಗಲ್ ಇತ್ತು. ಆದರೆ ಅಂಥದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎರಡು ಕಣ್ಣಿಗೂ ಸೇರಿ ಒಂದೇ ಉದ್ದನೆಯ ಗಾಜು, ಮುಖದ ಆಕಾರಕ್ಕೆ ತಕ್ಕ ಹಾಗೆ ಕಿವಿಯ ಹತ್ತಿರದವರೆಗೂ ಬಾಗಿತ್ತು. ಚೌಕಟ್ಟು ಬರೀ ಮೇಲಂಚಿಗೆ ಇತ್ತು, ಕೆಳಗೆ ಏನೂ ಇಲ್ಲ. ಮೂಗಿನ ಮೇಲೂ ಕಿವಿಯ ಹಿಂದೂ ಮೆತ್ತನೆಯ ರಬ್ಬರು. ಕೈಯಲ್ಲಿ ಹಿಡಿದರೆ ಹಕ್ಕಿಯ ಪುಕ್ಕದಷ್ಟೂ ಭಾರವಿಲ್ಲ. ಡಬ್ಬಿಯ ಮುಚ್ಚಳದ ಒಳಗೆ ಬಟ್ಟೆಯ ಎರಡು ಚೀಲ. ಒಂದರಲ್ಲಿ ಹಳದಿ ಗಾಜು, ಇನ್ನೊಂದರಲ್ಲಿ ಬಣ್ಣವಿಲ್ಲದ ಬಿಳಿ ಗಾಜು. ಚೌಕಟ್ಟಿನಲ್ಲಿ ಕೂತಿದ್ದದ್ದು ಕರಿಯದು.

"ಇದು ಉರಿ ಬಿಸಿಲಿಗೆ" ಎಂದು ಕರಿ ಗಾಜಿನ ಒಂದು ಮೂಲೆ ಹಿಡಿದು ಮೆಲ್ಲಗೆ ಕೆಳಗೆಳೆದಳು. ಟಕ್ ಎಂದು ಅದು ಕೈಗೆ ಬಂತು. "ಇದು ಮಬ್ಬಿಗೆ, ಮಂಜಿಗೆ" ಎಂದು ಹಳದಿಯದನ್ನು ಚೌಕಟ್ಟಿನ ಅದೇ ಸಂದಿಗೆ ಕೂರಿಸಿದಳು. "ಬಿಳೀದು ಸಂಜೀಕ, ಬರೇ ಧೂಳಿ ಇದ್ದಾಗ."

"ಗಾಜು ಒಡದು ಕಣ್ಣಾಗ ಹೋದ್ರ?"

"ಖರೇ ಗಾಜಲ್ಲ ಇದು. ಒಡ್ಯಂಗಿಲ್ಲ. ಆದ್ರ ಒಣಾ ಅರಿವಿಲೆ ಒರಸಬಾರ್ದಂತ, ಗೀರು ಬೀಳ್ತಾವ. ಮೊದ್ಲ ನೀರಾಗ ತೊಳೀಬೇಕು."

ಅದನ್ನು ಕೊಟ್ಟವರು ಆ ಶಿಬಿರಕ್ಕೆ ಬಂದಿದ್ದ ಹಿರಿಯ ಸೈಕಲ್ ಓಟಗಾರ್ತಿ. ಮೊಣಕಾಲು ಕೈಕೊಟ್ಟು ರೇಸು ಬಿಡಬೇಕಾಗಿ ಬಂದಿತ್ತಂತೆ. ಇವಳ ಕಣ್ಣು ನೀರು ಸುರಿಸುವುದನ್ನು ದಿನಾ ನೋಡಿ, ಹೊರಡುವ ದಿನ ಕರೆದು, "ನಾನು ಇಟ್ಟುಕೊಂಡು ಏನು ಮಾಡಲಿ, ನೀನು ಹಾಕಿಕೋ" ಎಂದು ಹಿಂದಿಯಲ್ಲಿ ಹೇಳಿ ಕೈಗಿತ್ತರಂತೆ.

ಮಾರನೆಯ ಬೆಳಗ್ಗೆ ಅದು ಹಳದಿ ಗಾಜಿನೊಂದಿಗೆ ರಸ್ತೆಗಿಳಿಯಿತು. ಜೂನಿನ ಜಿಟಿಜಿಟಿ ಮಳೆ ನಿಂತು ಮಂಜು ಕವಿದಿತ್ತು. ನವಲೂರಿನ ಹತ್ತಿರ ನೀರು ಕುಡಿಯಲು ನಿಂತಾಗ ಅವಳು ಗಾಗಲ್ ತೆಗೆದು ನನಗೆ ಕೊಟ್ಟಳು. ನನಗೆ ಚಿಕ್ಕಂದಿನಿಂದಲೂ ದಪ್ಪ ಚಸ್ಮಾ. ಅದರ ಮೇಲೆಯೇ ಇದನ್ನು ಹಿಡಿದು ನೋಡಿದೆ. ಬೂದಿ ಬಣ್ಣದಲ್ಲಿ ಕಲಸಿಹೋಗಿದ್ದ ರಸ್ತೆ, ಹೊಲ, ಪೇರಲ ತೋಟ ಎಲ್ಲವೂ ಬೇರೆ ಬೇರೆಯಾಗಿ ಎದ್ದು ನಿಂತವು. ಟಾರಿನ ಮೇಲಿನ ಒಂದೊಂದು ಹರಳೂ ಕಂಡಿತು. ಮೋಡದ ಹಿಂದೆಲ್ಲೋ ಇದ್ದ ಸೂರ್ಯ ನಮ್ಮ ರಸ್ತೆಗೆ ಮಾತ್ರ ಬಂದ ಹಾಗೆ ಆಯಿತು. "ಅಯ್ಯ, ಬಿಸಿಲ ಬಿದ್ದೈತಲ್ಲ!" ಎಂದು ನಾನು ಕೂಗಿದ್ದಕ್ಕೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಊರಿನ ಜನಕ್ಕೆ ಅದು ತಮಾಷೆಯಾಯಿತು. ಚಹಾದಂಗಡಿಯ ಮುಂದೆ ಕೂತ ಹುಡುಗರು "ಹೀರೋಯಿನ್ ಬಂದ್ಲಪೋ" ಎಂದು ಸಿಳ್ಳು ಹಾಕಿದರು. ಅವಳು ತಿರುಗಿಯೂ ನೋಡಲಿಲ್ಲ. ಮಾವಶಿ ಮಾತ್ರ ಡಬ್ಬಿಯನ್ನು ತೆರೆಸಿ, ಮೂರೂ ಗಾಜನ್ನು ಒಂದೊಂದಾಗಿ ಹಾಕಿಸಿ, ತೆಗೆಸಿ, "ಭಾಳ ಶಾಣ್ಯಾ ಯಾರೋ ಮಾಡ್ಯಾರ ನೋಡವಾ ಇದನ್ನ" ಎಂದು ಮೆಚ್ಚಿಕೊಂಡರು. ಆಮೇಲೆ ಒಲೆಯ ಹೊಗೆಗೆ ಯಾವುದು ಒಳ್ಳೆಯದೆಂದು ಕೇಳಿದರು.

ಆ ಮಳೆಗಾಲದ ಕೊನೆಗೆ ರಾಜ್ಯ ತಂಡದ ಆಯ್ಕೆಗಾಗಿ ಅಳ್ನಾವರದ ರಸ್ತೆಯಲ್ಲಿ ಒಂದು ರೇಸು ನಡೆಯಿತು. ಆ ಹಾದಿಯ ಎರಡೂ ಬದಿಗೆ ದೊಡ್ಡ ಮರಗಳು. ಬೆಳಗ್ಗೆ ಬಾನು ಸ್ವಚ್ಛವಿತ್ತು, ಬಂದ ಹುಡುಗಿಯರಲ್ಲಿ ಗಾಗಲ್ ಇದ್ದ ಒಬ್ಬಿಬ್ಬರು ಕರಿಯದನ್ನೇ ಹಾಕಿದ್ದರು. ನನ್ನ ಗೆಳತಿ ಪಡುವಣದ ಕಡೆ ಬಹಳ ಹೊತ್ತು ನೋಡಿ, ಕರಿ ಗಾಜು ತೆಗೆದು ಹಳದಿಯದನ್ನು ಕೂರಿಸಿದಳು.

"ಇಷ್ಟ್ ಬಿಸಿಲೈತಿ, ಹಳದೀದು ಯಾಕ?" ಎಂದೆ.

"ಗಿಡದ ನೆಳ್ಳಾಗ ಹೋಗಬೇಕು. ಮ್ಯಾಲ ಆ ಕಡೆ ಮಾಡ ಹಾಕೇತಿ ನೋಡು."

ನಾನು ಸಂಘಟಕರ ಜೀಪಿನಲ್ಲಿ, ಹೆಚ್ಚುವರಿ ಸೈಕಲ್ ಚಕ್ರಗಳ ನಡುವೆ ಕೂತು ಹಿಂದೆ ಹೊರಟೆ. ಅರ್ಧ ಹಾದಿ ಮುಗಿಯುವಷ್ಟರಲ್ಲಿ ಮೋಡ ಮೇಲೆಯೇ ಬಂತು. ಗಾಳಿ ಎದ್ದಿತು, ಮಳೆ ರಪರಪ ಹೊಡೆದು ಹೋಯಿತು. ಮುಂದಿನ ಚಕ್ರಗಳು ಎರಚುವ ಕೆಸರು ಹಿಂದಿನವರ ಮುಖಕ್ಕೇ ಬೀಳುತ್ತಿತ್ತು. ಕರಿ ಗಾಗಲ್ಲಿನವರು ತೆಗೆದು ಅಂಗಿಯೊಳಗೆ ಸಿಕ್ಕಿಸಿಕೊಂಡರು. ಕಣ್ಣು ಒರೆಸಿಕೊಳ್ಳುತ್ತಾ ಒಬ್ಬೊಬ್ಬರೇ ಹಿಂದೆ ಬಿದ್ದರು. ಕೊನೆಗೆ ಮುಂದೆ ಉಳಿದವರು ಇಬ್ಬರೇ: ನನ್ನ ಗೆಳತಿ, ಅವಳ ಹಿಂಚಕ್ರಕ್ಕೆ ಅಂಟಿಕೊಂಡ ಹಾಗೆ ಬಾಗಲಕೋಟೆಯ ಒಬ್ಬ ಹುಡುಗಿ. ಆ ಹುಡುಗಿಯ ಕಣ್ಣಿಗೆ ಏನೂ ಇರಲಿಲ್ಲ. ತಲೆ ತಗ್ಗಿಸಿ, ಮುಂದಿನ ಚಕ್ರವೊಂದನ್ನೇ ನಂಬಿ ಬರುತ್ತಿದ್ದಳು.

ಇಳಿಜಾರಿನ ತಿರುವಿನಲ್ಲಿ, ಮರಗಳು ದಟ್ಟವಾಗಿದ್ದ ಕಡೆ, ಗಾಳಿಗೆ ಮುರಿದ ಟೊಂಗೆಯೊಂದು ರಸ್ತೆಗೆ ಅಡ್ಡ ಬಿದ್ದಿತ್ತು. ಒದ್ದೆ ಟಾರು, ಒದ್ದೆ ಟೊಂಗೆ ಎರಡೂ ಒಂದೇ ಬಣ್ಣ. ಜೀಪಿನಲ್ಲಿದ್ದ ನಮಗೆ ಯಾರಿಗೂ ಅದು ಕಾಣಲಿಲ್ಲ. ನಮಗೆ ಕೇಳಿದ್ದು ಅವಳ ದನಿ ಮಾತ್ರ.

"ಟೊಂಗಿ ಬಿದ್ದೈತಿ! ಬಲಕ್ಕ ಸರಿ! ಬಲಕ್ಕ!"

ಒಂದು ಕೈ ಎತ್ತಿ ಬೀಸುತ್ತಾ, ಹಿಂದಿನವಳು ಸರಿದಳೋ ಇಲ್ಲವೋ ಎಂದು ಹೊರಳಿ ನೋಡಿದಳು. ಅಷ್ಟರಲ್ಲಿ ವೇಗ ಕುಂದಿತು. ಇಬ್ಬರೂ ಟೊಂಗೆಯ ತುದಿಯನ್ನು ಸವರಿಕೊಂಡು ಪಾರಾದರು. ಆದರೆ ಬಾಗಲಕೋಟೆಯವಳು ಅದೇ ವೇಗದಲ್ಲಿ ಮುಂದೆ ಹೋದಳು. ನನ್ನ ಗೆಳತಿ ಮತ್ತೆ ಬೆನ್ನಟ್ಟಿ, ಪಕ್ಕಕ್ಕೆ ಬಂದು, ಇನ್ನೇನು ದಾಟಬೇಕು ಎನ್ನುವಾಗ ಗುರಿಯ ಗೆರೆ ಬಂದುಬಿಟ್ಟಿತು. ಅರ್ಧ ಚಕ್ರದಷ್ಟರಲ್ಲಿ ಎರಡನೆಯವಳಾದಳು.

ನನಗೆ ತಡೆದುಕೊಳ್ಳಲಾಗಲಿಲ್ಲ. ಜೀಪಿನಿಂದ ಜಿಗಿದು ಓಡಿ ಹೋಗಿ, "ಯಾಕ ಒದರಿದಿ? ಸುಮ್ಮ ನೀ ಸರದ್ ಹೋಗಿದ್ರ ಆಗ್ತಿತ್ತಿಲ್ಲ? ನೀನ ಫಸ್ಟ್ ಬರ್ತಿದ್ದಿ" ಎಂದೆ.

ಅವಳು ಗಾಗಲ್ಲಿನ ಮೇಲೆ ಬಾಟಲಿಯ ನೀರು ಸುರಿದು ಕೆಸರು ತೊಳೆಯುತ್ತಿದ್ದಳು. ತಲೆ ಎತ್ತದೆ, "ನನಗ ಕಂಡೈತಿ, ಆಕೀಗೆ ಕಂಡಿಲ್ಲ. ಹೇಳದ ಹೆಂಗ ಹೋಗ್ಲಿ?" ಎಂದಳು.

ಅಷ್ಟರಲ್ಲಿ ಬಾಗಲಕೋಟೆಯವಳು ಸೈಕಲ್ ನೂಕಿಕೊಂಡು ಬಂದಳು. ಮುಖ ಪೂರ್ತಿ ಕೆಸರು, ಅದರಲ್ಲಿ ಎರಡು ಕೆಂಪು ಕಣ್ಣು. "ಅಕ್ಕಾ, ನೀ ಹೇಳದಿದ್ರ ನಾ ಅಲ್ಲೇ ಬಿದ್ದು ಹಲ್ಲು ಮುರಕೊಂತಿದ್ದೆ. ನಿನಗ ಹೆಂಗ ಕಾಣ್ತು ಅದು?" ಎಂದಳು. ನನ್ನ ಗೆಳತಿ ಉತ್ತರ ಕೊಡುವ ಬದಲು ಗಾಗಲ್ಲನ್ನೇ ಅವಳ ಮುಖಕ್ಕೆ ಹಾಕಿದಳು. ಆ ಹುಡುಗಿ ಮರಗಳ ಕಡೆ, ರಸ್ತೆಯ ಕಡೆ, ಕೊನೆಗೆ ನನ್ನ ಕಡೆ ನೋಡಿ ಬಾಯಿ ತೆರೆದು ನಿಂತಳು.

ಇಬ್ಬರೂ ಆಯ್ಕೆಯಾದರು. ಆ ಚಳಿಗಾಲ ಬೇರೆ ರಾಜ್ಯದಲ್ಲಿ ನಡೆದ ರಾಷ್ಟ್ರಮಟ್ಟದ ಸ್ಪರ್ಧೆಗೆ ಒಂದೇ ರೈಲಿನಲ್ಲಿ ಹೋದರು. ಅಲ್ಲಿ ನಡೆದದ್ದನ್ನು ನಾನು ಕಣ್ಣಾರೆ ನೋಡಲಿಲ್ಲ, ಅವರಿಬ್ಬರ ಬಾಯಿಂದ ಎಷ್ಟೋ ಸಲ ಕೇಳಿದ್ದೇನೆ. ಒಬ್ಬೊಬ್ಬರನ್ನೇ ಬಿಟ್ಟು ವೇಳೆ ಅಳೆಯುವ ಸ್ಪರ್ಧೆಯಲ್ಲಿ ನನ್ನ ಗೆಳತಿಯ ಸರದಿ ಮೊದಲು ಬಂತು. ಕಣ್ಣು ಕುಕ್ಕುವ ಬಿಸಿಲು. ಕರಿ ಗಾಜು ಹಾಕಿಕೊಂಡು ಓಡಿದಳು. ಮುಗಿಸಿ ಬಂದಾಗ ಮೋಡ ಕವಿದಿತ್ತು, ಬಾಗಲಕೋಟೆಯವಳು ಇನ್ನೂ ಸರದಿಗೆ ಕಾಯುತ್ತಿದ್ದಳು. ಏದುಸಿರು ಬಿಡುತ್ತಲೇ ಇವಳು ಅವಳ ಹತ್ತಿರ ಹೋಗಿ, ಕರಿ ಗಾಜು ಕಿತ್ತು, ಹಳದಿಯದನ್ನು ಕೂರಿಸಿ, ಚೌಕಟ್ಟಿನ ಬೆವರು ಒರೆಸಿ, ಅವಳ ಕಿವಿಗೆ ಸಿಕ್ಕಿಸಿದಳಂತೆ. "ಇನ್ನ ಹೋಗು" ಎಂದಳಂತೆ. ಆ ದಿನ ಪದಕ ಗೆದ್ದದ್ದು ಬಾಗಲಕೋಟೆಯವಳು, ಕಂಚು. ಎರಡು ದಿನ ಬಿಟ್ಟು ತಂಡದ ಸ್ಪರ್ಧೆಯಲ್ಲಿ ನಮ್ಮ ರಾಜ್ಯದ ಹುಡುಗಿಯರಿಗೆಲ್ಲ ಸೇರಿ ಬೆಳ್ಳಿ ಬಂತು, ನನ್ನ ಗೆಳತಿಯ ಕೊರಳಿಗೂ.

ಆ ಬೆಳ್ಳಿಯ ಬಲದಿಂದ ಮುಂದೆ ಕ್ರೀಡಾ ಕೋಟಾದಲ್ಲಿ ಅವಳಿಗೆ ಹುಬ್ಬಳ್ಳಿಯಲ್ಲಿ ನೌಕರಿ ಸಿಕ್ಕಿತು, ಕೇಶ್ವಾಪುರದಲ್ಲಿ ಮನೆ ಮಾಡಿದಳು. ನೌಕರಿಗೆ ಸೇರುವ ಮೊದಲು ಸುಗ್ಗಿಗೆಂದು ತನ್ನ ಊರಿಗೆ ಹೊರಟವಳು ನನ್ನನ್ನೂ ಕರೆದುಕೊಂಡು ಹೋದಳು. ನಾವು ಹೋದಾಗ ಹೊಲದಲ್ಲಿ ಬಿಳಿಜೋಳದ ರಾಶಿ ನಡೆದಿತ್ತು. ಯಂತ್ರ ಗರಗರ ತಿರುಗುತ್ತಿತ್ತು, ಹೊಟ್ಟು ಹಾರಿ ಹಾರಿ ಇಡೀ ಕಣವೇ ಮುಸುಕಿಹೋಗಿತ್ತು. ಅದರ ನಡುವೆ ಅವಳ ಅವ್ವ ಸೆರಗನ್ನು ಮೂಗಿಗೆ ಸುತ್ತಿಕೊಂಡು ತೆನೆ ಕೊಡುತ್ತಿದ್ದರು. ಕಣ್ಣಿಂದ ಒಂದೇ ಸಮನೆ ನೀರು.

ಮಗಳು ಚೀಲ ಕೆಳಗಿಟ್ಟು, ಡಬ್ಬಿ ತೆಗೆದು, ಚೌಕಟ್ಟಿಗೆ ಬಿಳಿ ಗಾಜು ಕೂರಿಸಿದಳು. "ಅವ್ವಾ, ಇಲ್ಲಿ ಬಾ. ಕಣ್ಣು ಮುಚ್ಚು" ಎಂದು ಕೊಡದ ನೀರಿಂದ ಮುಖ ತೊಳೆಸಿ, ಗಾಗಲ್ ಹಾಕಿ, ಅದರ ಮೇಲೆ ಸೆರಗು ಸುತ್ತಿದಳು.

"ಏನೂ ಹಾಕ್ಯೇ ಇಲ್ಲ ಅನಸ್ತೈತಲ್ಲ" ಎಂದು ಅವ್ವ ಬೆರಳಿನಿಂದ ಗಾಜು ಮುಟ್ಟಿ ನೋಡಿದರು. ಆಮೇಲೆ ತೆನೆಯ ಸಿವುಡು ಎತ್ತಿಕೊಂಡು ಯಂತ್ರದ ಬಾಯಿಗೆ ನಡೆದರು. ಸಂಜೆಯ ತನಕ ತೆಗೆಯಲಿಲ್ಲ. ಆಳಿನ ಹೆಂಗಸರು ನಗುತ್ತಾ, "ಯಕ್ಕಾ, ನಮಗೂ ಒಂದೀಟು ಕೊಡಬೇ" ಎಂದು ಸುತ್ತಲೂ ನೆರೆದರೆ, "ತಡೀರೇ, ಪಾಳಿ ಹಚ್ಚರಿ" ಎಂದು ಗದರಿಸಿದರು. ಅವರಲ್ಲಿ ಒಬ್ಬರು ಹಾಕಿಕೊಂಡು, "ಹೊಟ್ಟು ಕಣ್ಣಿಗೆ ಬರೋದು ಕಾಣ್ತೈತಿ, ಹತ್ತಂಗಿಲ್ಲ!" ಎಂದು ಚಪ್ಪಾಳೆ ತಟ್ಟಿದರು.

ಹೊರಡುವ ದಿನ ಗೆಳತಿ ಕರಿ, ಹಳದಿ ಗಾಜಿನ ಚೀಲಗಳನ್ನೂ ಡಬ್ಬಿಯಲ್ಲಿ ಸೇರಿಸಿ ಅವ್ವನ ಕೈಗೆ ಕೊಟ್ಟಳು. ಪಗಾರ ಬಂದ ಮೇಲೆ ಹೊಸದು ತೆಗೆದುಕೊಳ್ಳುತ್ತೇನೆ ಎಂದಳು. ಅವ್ವ ಬೇಡವೆನ್ನಲಿಲ್ಲ. ಡಬ್ಬಿಯನ್ನು ದೇವರ ಮಾಡದ ಪಕ್ಕದ ಗೂಟಕ್ಕೆ ತೂಗುಹಾಕಿ, "ಉಳಿದ ಎಲ್ಡು ಯಾವಾಗ ಹಾಕೋದು ಅನ್ನೋದನ್ನ ಹೇಳಿ ಹೋಗು" ಎಂದರು. ಮಗಳು ಹೊಸ್ತಿಲ ಮೇಲೆ ಕೂತು ಮೊದಲಿನಿಂದ ಹೇಳತೊಡಗಿದಳು. ನಮ್ಮ ಬಸ್ಸು ತಪ್ಪಿತು.